ಬಿದಿರು ಸೀಳುವವಳ ಸೂತ್ರ

ವಿಹಾರದಿಂದ ಭಿಕ್ಷುಗಳು ಬರುವುದು ಮೂರು ದಿನ ತಡವಾಯಿತು. ತಡವಾದದ್ದು ಮಳೆಯಿಂದಲ್ಲ, ದಾರಿಯ ಕೆಸರಿನಿಂದಲೂ ಅಲ್ಲ. ಕರೆ ಕಳಿಸಿದವಳು ಬುಟ್ಟಿ ಹೆಣೆಯುವ ತಾನು, ಅದಕ್ಕೇ ತಡ ಎಂದು ಸುಲಸೆಗೆ ಚೆನ್ನಾಗಿ ಗೊತ್ತಿತ್ತು. ಇದೇ ಕರೆ ವೈಶಾಲಿಯ ಯಾವುದಾದರೂ ಸೆಟ್ಟಿಯ ಮನೆಯಿಂದ ಹೋಗಿದ್ದರೆ ಎದ್ದೆವೋ ಬಿದ್ದೆವೋ ಎಂದು ಓಡಿ ಬರುತ್ತಿದ್ದರು.

ಮಳೆಗಾಲದ ಮೂರು ತಿಂಗಳು ಭಿಕ್ಷುಗಳು ಇದ್ದಲ್ಲೇ ಇರಬೇಕು, ಊರೂರು ಅಲೆಯಬಾರದು. ಅದು ಗೋತಮರೇ ಹಾಕಿಕೊಟ್ಟ ಕಟ್ಟಳೆ. ಆದರೆ ಅವರೇ ಒಂದು ಸಂದಿಯನ್ನೂ ಬಿಟ್ಟಿದ್ದರು. ಗಂಡಸಾಗಲಿ ಹೆಂಗಸಾಗಲಿ, ಸಂಸಾರದಲ್ಲಿರುವ ಒಬ್ಬರಿಗೆ ಬೇರೆ ಯಾರಿಗೂ ಬಾರದ ಸೂತ್ರವೊಂದು ಬಾಯಿಗೆ ಬರುತ್ತಿದ್ದು, ಇದು ನನ್ನ ಜೊತೆಗೇ ಅಳಿದುಹೋಗುವ ಮೊದಲು ಬಂದು ಕಲಿತುಕೊಳ್ಳಿ ಎಂದು ಹೇಳಿಕಳಿಸಿದರೆ, ಭಿಕ್ಷುಗಳು ಏಳು ದಿನದ ಮಟ್ಟಿಗೆ ಹೊರಟು ಬರಬಹುದು. ಏಳನೆಯ ದಿನ ಹೊತ್ತು ಮುಳುಗುವುದರೊಳಗೆ ವಿಹಾರ ಸೇರಬೇಕು. ಸೇರದಿದ್ದರೆ ಆ ವರ್ಷದ ಮಳೆವಾಸ ಮುರಿಯಿತು, ಮಳೆಗಾಲದ ಕೊನೆಗೆ ಹಂಚುವ ಚೀವರದ ಬಟ್ಟೆಯಲ್ಲಿ ಪಾಲಿಲ್ಲ, ನಾಲ್ಕು ಜನರ ನಡುವೆ ತಲೆ ತಗ್ಗಿಸಬೇಕು.

ಸುಲಸೆಗೆ ಬರುತ್ತಿದ್ದ ಸೂತ್ರ ಇಪ್ಪತ್ತೊಂದು ಮಾತಿನದು. ಮೂವತ್ತನಾಲ್ಕು ವರ್ಷಗಳಿಂದ, ದಿನದ ಮೊದಲ ಬಿದಿರು ಸೀಳುವಾಗ ಅದನ್ನು ಒಮ್ಮೆ ಹೇಳಿಕೊಳ್ಳದೆ ಅವಳು ಮಚ್ಚು ಎತ್ತಿದ್ದಿಲ್ಲ. ಅದು ಜಗತ್ತಿಗೆಲ್ಲ ಗೊತ್ತಿರುವ ಸೂತ್ರವೆಂದೇ ಅವಳು ತಿಳಿದಿದ್ದಳು. ಮಳೆ ಹಿಡಿಯುವ ಮುಂಚೆ ಅವಳ ಚಪ್ಪರದಲ್ಲಿ ಒಂದು ರಾತ್ರಿ ತಂಗಿದ್ದ ಭಿಕ್ಷುಣಿಯೊಬ್ಬಳು ಬೆಳಗ್ಗೆ ಅದನ್ನು ಕೇಳಿ, ಗಂಜಿ ಕುಡಿಯುವುದನ್ನೇ ನಿಲ್ಲಿಸಿದಳು. ರಾಜಗೃಹದಲ್ಲಿ ಐನೂರು ಥೇರರು, ಹಿರಿಯ ಭಿಕ್ಷುಗಳು, ಕೂತು ಗೋತಮರ ಮಾತನ್ನೆಲ್ಲ ಒಟ್ಟುಮಾಡಿದರಲ್ಲ, ಅದರಲ್ಲಿ ಇದು ಇಲ್ಲ ಎಂದಳು. ಗೋತಮರು ಅದನ್ನು ಹೇಳಿದ ದಿನ ಜೊತೆಗಿದ್ದು ಕೇಳಿದ ಭಿಕ್ಷು ಸತ್ತು ಎಷ್ಟೋ ವರ್ಷವಾಗಿತ್ತು. ಅದನ್ನು ಬಲ್ಲ ಸುಲಸೆಯ ಗಂಡ ಹೋದ ಚಳಿಗಾಲದಲ್ಲಿ ತೀರಿಕೊಂಡಿದ್ದ. ಈಗ ಸುಲಸೆಯ ಕೆಮ್ಮಿನಲ್ಲಿ ರಕ್ತ ಬೀಳುತ್ತಿತ್ತು.

ಬಂದವರು ಇಬ್ಬರು. ಜೋತಿಕ ಥೇರ ಅರವತ್ತರವರು, ಎಂಟು ನೂರು ಸೂತ್ರಗಳು ನಾಲಗೆಯ ಮೇಲಿದ್ದ ಮನುಷ್ಯ. ನಡೆಯುವಾಗಲೂ ತುಟಿ ಅಲ್ಲಾಡುತ್ತಿರುತ್ತಿತ್ತು. ಜೊತೆಗಿದ್ದ ತಿರೀಟನಿಗೆ ನಲವತ್ತು ಇರಬಹುದು. ಚಂಪೆಯ ದೋಣಿಕಾರರ ಮನೆಯವನು, ಮಾತು ಕಡಿಮೆ, ಕಿವಿ ಚುರುಕು. ಸುಲಸೆಯ ಸೊಸೆ ಚಿತ್ತೆ ಕಾಲು ತೊಳೆಯಲು ನೀರು ಕೊಟ್ಟು, ಹೊಸ ಚಾಪೆ ಹಾಸಿದಳು.

ಮೊದಲ ಎರಡು ದಿನ ಎಲ್ಲವೂ ಸುಸೂತ್ರವಾಗಿ ನಡೆಯಿತು. ಸುಲಸೆ ಹೇಳುವುದು, ತಿರೀಟ ಹೇಳಿಸಿಕೊಳ್ಳುವುದು, ಥೇರರು ಕಣ್ಣು ಮುಚ್ಚಿ ಕೇಳುವುದು. ಗೋತಮರು ಒಂದು ಮಧ್ಯಾಹ್ನ ಮಳೆಗೆ ಸಿಕ್ಕಿ ನಳಗಾಮದ ಈ ಚಪ್ಪರದಡಿ ನಿಂತದ್ದು. ಬಿದಿರು ಸೀಳುತ್ತಿದ್ದ ಸುಲಸೆಯನ್ನು ಬಹಳ ಹೊತ್ತು ನೋಡಿದ್ದು. ನಾನೂ ಒಂದು ಸೀಳಲೇ ಎಂದು ಮಚ್ಚು ಇಸಿದುಕೊಂಡದ್ದು. ಸೀಳು ಒಂದು ಬದಿಗೆ ಓಡಿ ಬಿದಿರು ಹಾಳಾಗಿ ಹೆಬ್ಬೆರಳು ಕೊಯ್ದುಕೊಂಡದ್ದು. ‘ನನಗೆ ಇದು ಗೊತ್ತಿಲ್ಲ, ಹೇಳಿಕೊಡು’ ಎಂದದ್ದು. ‘ಸೀಳು ತೆಳುವಾದ ಕಡೆ ಓಡಿದರೆ ಅಲ್ಲೇ ಒತ್ತಬೇಡಿ. ದಪ್ಪ ಉಳಿದಿರುವ ಕಡೆಯನ್ನು ಬಗ್ಗಿಸಿ. ಸೀಳು ತಾನಾಗಿ ನಡುವಿಗೆ ಬರುತ್ತದೆ’ ಎಂದು ಸುಲಸೆ ಹೇಳಿದ್ದು. ಆಮೇಲೆ ಗೋತಮರು ಮಳೆ ನಿಲ್ಲುವವರೆಗೂ ಸುಮ್ಮನಿದ್ದು, ಹೊರಡುವಾಗ ಹೇಳಿದ ಮಾತು: ‘ದುಃಖದ ಕಡೆ ಓಡುವ ಮನಸ್ಸನ್ನು ದುಃಖದ ಕಡೆಯಿಂದಲೇ ಒತ್ತುವವನು ಅದನ್ನು ಮುರಿಯುತ್ತಾನೆ. ಅವನಲ್ಲಿ ಇನ್ನೂ ದಪ್ಪವಾಗಿ ಉಳಿದಿರುವುದು ಯಾವುದು? ಅದನ್ನು ಬಗ್ಗಿಸಲಿ. ಇದನ್ನು ನಾನು ಇಲ್ಲಿ ಕಲಿತೆ.’

ಆ ವರ್ಷ ಸುಲಸೆ ಎರಡು ಹೆಣ್ಣುಮಕ್ಕಳನ್ನು ಜ್ವರಕ್ಕೆ ಕೊಟ್ಟಿದ್ದಳು. ಗಂಡಕಿ ಹೊಳೆಯ ಮಡುವಿಗೆ ಬೀಳಬೇಕೆಂದು ಎರಡು ಸಲ ಹೋಗಿ ಬಂದಿದ್ದಳು. ಗೋತಮರಿಗೆ ಅದನ್ನು ಅವಳು ಹೇಳಿರಲಿಲ್ಲ, ಅವರೂ ಕೇಳಿರಲಿಲ್ಲ. ಅವಳಲ್ಲಿ ದಪ್ಪವಾಗಿ ಉಳಿದಿದ್ದದ್ದು ಎರಡು ಕೈ ಮಾತ್ರ. ಆ ಕೈಗಳನ್ನು ಬಗ್ಗಿಸಿ ದುಡಿದು ಬದುಕಿದಳು. ಹಾಗಾಗಿ ಈ ಇಪ್ಪತ್ತೊಂದು ಮಾತು ಅವಳಿಗೆ ಪಾಠವಲ್ಲ, ಜೀವ.

ಮೂರನೆಯ ದಿನ ಥೇರರು ಕಣ್ಣು ತೆರೆದು, ಈಗ ನಾನು ಹೇಳುತ್ತೇನೆ ಎಂದು ರಾಗವಾಗಿ ಆರಂಭಿಸಿದರು.

"ಹೀಗೆ ನಾನು ಕೇಳಿದೆ. ಒಮ್ಮೆ ತಥಾಗತರು ಶ್ರಾವಸ್ತಿಯಲ್ಲಿ, ಜೇತವನದಲ್ಲಿ ತಂಗಿದ್ದರು."

"ನಿಲ್ಸಿ ಭಂತೇ," ಎಂದಳು ಸುಲಸೆ. "ಶ್ರಾವಸ್ತಿ ಎಲ್ಲಿಂದ ಬಂತು? ಅವರು ನಿಂತಿದ್ದು ಇಲ್ಲಿ. ನಿಮ್ಮ ಬೆನ್ನ ಹಿಂದಿನ ಕಂಬಕ್ಕೆ ಒರಗಿಕೊಂಡು. ಕಂಬ ಬದಲಾಯಿಸಿದೀವಿ, ಜಾಗ ಅದೇ."

"ಜಾಗ ಮರೆತುಹೋದ ಸೂತ್ರಕ್ಕೆ ಶ್ರಾವಸ್ತಿ ಅಂತ ಸೇರಿಸೋದು ನಮ್ಮಲ್ಲಿ ರೂಢಿ, ಉಪಾಸಿಕೆ. ಅವರು ಹೆಚ್ಚು ಮಳೆಗಾಲ ಕಳೆದದ್ದು ಅಲ್ಲೇ."

"ಮರೆತವರು ಸೇರಿಸ್ಕೊಳ್ಳಲಿ. ನಾನು ಮರೆತಿಲ್ವಲ್ಲ."

"ಅವಂತಿಯಲ್ಲಿ ಕೂತು ಕೇಳೋನಿಗೆ ನಳಗಾಮ ಯಾವುದು ಅಂತ ಗೊತ್ತಾ? ಶ್ರಾವಸ್ತಿ ಅಂದ್ರೆ ತಲೇಲಿ ನಿಲ್ಲುತ್ತೆ. ಬಾಯಿಂದ ಬಾಯಿಗೆ ಹೋಗೋ ಸರಕು ಇದು, ತಾಯಿ. ತಿಳಿದಿರೋ ಅಚ್ಚಿಗೆ ಹಾಕದಿದ್ರೆ ದಾರೀಲೇ ಉದುರಿಹೋಗುತ್ತೆ."

ಆ ಮಾತಿನಲ್ಲಿ ಹುರುಳಿಲ್ಲದೆ ಇರಲಿಲ್ಲ. ಸುಲಸೆ ಮುನಿಸು ನುಂಗಿಕೊಂಡು, ಮುಂದೆ ಹೇಳಿ ಎಂದಳು. ಥೇರರು ಮುಂದುವರಿಸಿದರು.

"ಆಗ ಒಬ್ಬ ಬ್ರಾಹ್ಮಣನು ಆಸನದಿಂದ ಎದ್ದು, ಉತ್ತರೀಯವನ್ನು ಒಂದು ಹೆಗಲಿಗೆ ಸರಿಮಾಡಿಕೊಂಡು, ಬಲಮಂಡಿಯನ್ನು ನೆಲಕ್ಕೂರಿ, ಕೈಮುಗಿದು..."

ಒಲೆಯ ಹತ್ತಿರ ಸಾಸಿವೆ ಸೊಪ್ಪು ಸೋಸುತ್ತಿದ್ದ ಚಿತ್ತೆ ಕಿಸಕ್ಕನೆ ನಕ್ಕಳು. "ಏನತ್ತೆ, ನೀವು ಬ್ರಾಹ್ಮಣ ಆಗಿದ್ದು ಯಾವಾಗ? ಮನೇಲಿ ಒಂದು ಮಾತೂ ಹೇಳಿಲ್ಲ."

ಸುಲಸೆಗೆ ನಗು ಬರಲಿಲ್ಲ. ಅವಳ ಮೈಯೆಲ್ಲ ಉರಿಯುತ್ತಿತ್ತು. "ನಾನು ಎದ್ದೂ ಇಲ್ಲ, ಮಂಡಿ ಊರೂ ಇಲ್ಲ. ತೊಡೆ ಮೇಲೆ ಬಿದಿರು ದಬ್ಬೆ ಕಟ್ಟು ಇತ್ತು, ಕೈಯಲ್ಲಿ ಮಚ್ಚು. ಮಚ್ಚು ಹಿಡ್ಕೊಂಡು ಕೈ ಹೇಗೆ ಮುಗೀಲಿ? ಆಮೇಲೆ, ಯಾವ ಬ್ರಾಹ್ಮಣ ಬಿದಿರು ಸೀಳ್ತಾನೆ ಭಂತೇ, ನಿಮ್ಮ ಶ್ರಾವಸ್ತೀಲಿ?"

"ಅವನು ಸೀಳಲ್ಲ. ಬಿದಿರು ಸೀಳೋದು ಒಂದು ಹೋಲಿಕೆಯಾಗಿ ಬರುತ್ತೆ. ತಥಾಗತರೇ ಹೇಳ್ತಾರೆ, ಬಲ್ಲ ಬಿದಿರುಕಾರನು ಹೇಗೆ ದಪ್ಪ ಬದಿಯನ್ನು ಬಗ್ಗಿಸುವನೋ ಹಾಗೆ, ಅಂತ."

"ಮತ್ತೆ ಹೆಬ್ಬೆರಳು?"

"ಹೆಬ್ಬೆರಳು ಬೇಡ."

"‘ನನಗೆ ಗೊತ್ತಿಲ್ಲ’ ಅಂದದ್ದು?"

"ಅದಂತೂ ಬೇಡವೇ ಬೇಡ."

ಇಲ್ಲಿಂದ ಜಗಳ ಶುರುವಾಯಿತು. ನಾಲ್ಕು ದಿನ ನಡೆಯಿತು. ಕೇರಿಯ ಹೆಂಗಸರು ಕೆಲಸ ಹೊತ್ತುಕೊಂಡು ಬಂದು ಚಪ್ಪರದ ಸುತ್ತ ಕೂತು, ಮೊರ ಹೆಣೆಯುತ್ತ ಕೇಳಿದರು. ಥೇರರು ಕೆಟ್ಟವರಲ್ಲ, ಅದನ್ನು ಹೇಳಿಬಿಡಬೇಕು. ಅವರ ಭಯ ಬೇರೆಯದಾಗಿತ್ತು. ವೈಶಾಲಿಯ ಪೇಟೆಯಲ್ಲಿ ಬೇರೆ ಪಂಥದವರು ವಾದಕ್ಕೆ ಬಾಯಿ ತೆರೆದುಕೊಂಡೇ ಕೂತಿರುತ್ತಾರೆ. ನಿಮ್ಮ ಸರ್ವಜ್ಞನಿಗೆ ಒಂದು ಬಿದಿರು ಸೀಳಲು ಬರಲಿಲ್ಲವಂತೆ, ಬುಟ್ಟಿಯವಳ ಹತ್ತಿರ ಪಾಠ ಹೇಳಿಸಿಕೊಂಡನಂತೆ ಎಂದು ಚಪ್ಪಾಳೆ ತಟ್ಟಿದರೆ ಏನು ಹೇಳುವುದು? ಗುರು ಹೋಗಿ ಹದಿನೆಂಟು ವರ್ಷವಾಯಿತು. ಇರುವುದೊಂದು ಅವರ ಮಾತು. ಅದಕ್ಕೆ ಗೆದ್ದಲು ಹಿಡಿಯಬಾರದು ಎಂದು ಅವರು ಹಗಲಿರುಳು ಕಾಯುತ್ತಿದ್ದರು.

ಆದರೆ ಕಾಯುವವರೇ ಮೇಯುವುದೂ ಉಂಟು. ಗುರುವಿನ ಹೆಬ್ಬೆರಳ ಗಾಯಕ್ಕೆ ಒಬ್ಬ ಹೆಂಗಸು ತನ್ನ ಸೆರಗು ಹರಿದು ಕಟ್ಟಿದ್ದಾಳೆ. ಅವಳ ಕಣ್ಣೆದುರಿಗೇ, ಗುರುವಿಗೆ ಹೆಬ್ಬೆರಳೇ ಇರಲಿಲ್ಲ ಎನ್ನುವ ಹಾಗೆ ಹಾಡುವುದಕ್ಕೆ ಎಂಥ ಎದೆ ಬೇಕು.

"ಅವರು ಹೇಳಿದ ಕೊನೇ ಮಾತು ಏನು ಭಂತೇ?" ಎಂದು ಸುಲಸೆ ಐದನೆಯ ದಿನ ಕೇಳಿದಳು. "‘ಇದನ್ನು ನಾನು ಇಲ್ಲಿ ಕಲಿತೆ.’ ಗೊತ್ತಿಲ್ಲ ಅನ್ನದೇ ಇದ್ದೋರು ಕಲಿಯೋದು ಹೇಗೆ? ಕಾಲು ಕತ್ತರಿಸಿ ನಡಿ ಅಂತೀರಲ್ಲ."

"ಕೊನೇ ಮಾತೂ ಬಿಡೋಣ."

"ಬಿಡಿ, ಬಿಡಿ. ಊರು ಬಿಟ್ರಿ, ನನ್ನ ಬಿಟ್ರಿ, ಬೆರಳು ಬಿಟ್ರಿ. ಇನ್ನೊಂದು ನಾಲ್ಕು ದಿನ ಇದ್ರೆ ಗೋತಮರನ್ನೂ ಬಿಡ್ತೀರಿ."

ಹೆಂಗಸರು ನಕ್ಕರು. ತಿರೀಟ ತಲೆ ತಗ್ಗಿಸಿದ. ಅವನು ಈ ಐದು ದಿನದಲ್ಲಿ ಇಪ್ಪತ್ತೊಂದು ಮಾತನ್ನೂ ಒಂದು ಉಸಿರೂ ತಪ್ಪದೆ ಕಲಿತಿದ್ದ. ಸುಲಸೆ ಹೇಳಿದ ಹಾಗೆಯೇ ಕಲಿತಿದ್ದ. ಹಿಂದಿನ ಸಂಜೆ ಅವಳೆದುರು ಒಬ್ಬನೇ ಕೂತು ಒಪ್ಪಿಸಿ, "ಸರಿ ಇದೆಯಾ ತಾಯಿ?" ಎಂದು ಕೇಳಿದ್ದ. ಸುಲಸೆಗೆ ತನ್ನ ಗಂಡನ ದನಿ ಕೇಳಿದಂತಾಗಿ ಕಣ್ಣು ತುಂಬಿತ್ತು.

ಥೇರರು ದನಿ ತಗ್ಗಿಸಿದರು. "ಉಪಾಸಿಕೆ, ಹಠ ಮಾಡಬೇಡ. ನಾನು ಹೇಳೋ ಹಾಗೆ ಬಿಟ್ರೆ ನಿನ್ನ ಸೂತ್ರ ಸಾವಿರ ವರ್ಷ ಬಾಳುತ್ತೆ. ನೀನು ಹೇಳೋ ಹಾಗಾದ್ರೆ ಸಂಘ ಒಪ್ಪಲ್ಲ, ನಿನ್ನ ಜೊತೆಗೇ ಚಿತೆ ಏರುತ್ತೆ."

"ನೀವು ಹೇಳೋದು ನನ್ನ ಸೂತ್ರವೇ ಅಲ್ಲವಲ್ಲ. ಯಾವುದೋ ಬ್ರಾಹ್ಮಣಂದು. ಅದು ಬಾಳಿದ್ರೆ ನನಗೇನು, ಹೋದ್ರೆ ನನಗೇನು." ಅವಳಿಗೆ ಕೆಮ್ಮು ಒತ್ತರಿಸಿತು. ಬಟ್ಟೆಗೆ ಬಾಯಿ ಒರೆಸಿಕೊಂಡು, ಉಳಿದದ್ದನ್ನು ಮೆಲ್ಲಗೆ ಹೇಳಿದಳು. "ಒಂದು ಕೇಳ್ತೀನಿ ಭಂತೇ. ಕೊಡದೇ ಇದ್ದದ್ದನ್ನ ತಗೊಂಡು ಹೋದ್ರೆ ನಿಮ್ಮಲ್ಲಿ ಏನಂತಾರೆ?"

ಥೇರರ ಮುಖ ಬಿಳುಚಿತು. ಕೊಡದ್ದನ್ನು ತೆಗೆದುಕೊಂಡ ಭಿಕ್ಷು ಅಂದಿನಿಂದ ಭಿಕ್ಷುವಲ್ಲ. ಅದು ಚಿಕ್ಕ ತಪ್ಪಲ್ಲ, ಸಂಘದಿಂದಲೇ ಹೊರಬೀಳುವ ತಪ್ಪು. ಅವರು ಶೀಲದಲ್ಲಿ ಕೂದಲೆಳೆಯಷ್ಟೂ ಜಾರಿದವರಲ್ಲ. ಅವಳ ಒಪ್ಪಿಗೆಯಿಲ್ಲದೆ ಒಂದು ಅಕ್ಷರವನ್ನೂ ಒಯ್ಯುವುದಿಲ್ಲ ಎಂದು ಅಲ್ಲೇ, ಎಲ್ಲರೆದುರು ಮಾತು ಕೊಟ್ಟರು.

ಆರನೆಯ ದಿನ ಸುಲಸೆ ಬೆಳಗಿನಿಂದ ಸಂಜೆಯವರೆಗೆ ತಿರೀಟನಿಗೆ ಸೂತ್ರವನ್ನು ಮತ್ತೆ ಮತ್ತೆ ಹೇಳಿಕೊಟ್ಟಳು, ನಡುನಡುವೆ ಥೇರರೊಡನೆ ಸೆಣಸಿದಳು. ರಾತ್ರಿಗೆ ಗಂಟಲು ಕಟ್ಟಿತು, ಬಿಸಿನೀರು, ಜೇನು, ಶುಂಠಿ ಯಾವುದೂ ಹಿಡಿಯಲಿಲ್ಲ. ಏಳನೆಯ ಬೆಳಗ್ಗೆ ಎದ್ದು ಚಿತ್ತೆಯನ್ನು ಕರೆಯಲು ಹೋದರೆ ಬಾಯಿಂದ ಬರೀ ಗಾಳಿ ಬಂತು. ದನಿ ಹೋಗಿತ್ತು. ಪೂರ್ತಿಯಾಗಿ ಹೋಗಿತ್ತು.

ಅಂದು ಊಟಕ್ಕೆ ಮುಂಚೆ ಕೇರಿಯವರೆಲ್ಲ ಚಪ್ಪರದಡಿ ಸೇರಿದರು. ಭಿಕ್ಷುಗಳಿಬ್ಬರ ಮುಂದೆ ಪಾತ್ರೆಗಳಿದ್ದವು. ಚಿತ್ತೆ ಅನ್ನ, ಎಳ್ಳು ಹಾಕಿದ ಸೊಪ್ಪು, ಹೊಳೆಮೀನಿನ ಸಾರು ಬಡಿಸಿ ಹಿಂದೆ ಸರಿದಳು. ಊಟ ಮುಗಿಸಿ ಹೊರಟರೆ ಹೊತ್ತು ಮುಳುಗುವುದರೊಳಗೆ ವಿಹಾರ ಸೇರಬಹುದು. ಥೇರರು ಪಾತ್ರೆಗೆ ಕೈಯಿಕ್ಕದೆ, ಸೂತ್ರವನ್ನು ಮೊದಲಿನಿಂದ ಕೊನೆಯವರೆಗೆ ಹಾಡಿದರು. ಶ್ರಾವಸ್ತಿ, ಬ್ರಾಹ್ಮಣ, ಬಲಮಂಡಿ, ಬಲ್ಲ ಬಿದಿರುಕಾರ. ದನಿ ಎಷ್ಟು ಇಂಪಾಗಿತ್ತೆಂದರೆ ಒಂದಿಬ್ಬರು ಮುದುಕಿಯರು ಕೈಯನ್ನೂ ಮುಗಿದರು. ಆಮೇಲೆ ಅವರು ಸಭೆಯ ಕಡೆ ನೋಡಿದರು.

"ಈ ಸೂತ್ರವನ್ನು ಬಲ್ಲವರು ಕೇಳಲಿ. ಇದನ್ನು ಹೀಗೆ ಕೊಂಡುಹೋಗಲು ಒಪ್ಪಿಗೆ ಇರುವವರು ಸುಮ್ಮನಿರಲಿ. ಒಪ್ಪದವರು ಮಾತಾಡಲಿ. ಮೂರು ಸಲ ಕೇಳ್ತೀನಿ."

ಇದು ಸಂಘದ ರೀತಿ. ಅಲ್ಲಿ ಮೌನವೇ ಸಮ್ಮತಿ. ಊಟಕ್ಕೆ ಬನ್ನಿ ಎಂದು ಭಿಕ್ಷುಗಳನ್ನು ಕರೆದರೂ ಅವರು ಹೂಂ ಎನ್ನುವುದಿಲ್ಲ, ಸುಮ್ಮನಿದ್ದರೆ ಬಂದರೆಂದೇ ಲೆಕ್ಕ. ಮೂವತ್ತು ವರ್ಷ ಅವರಿಗೆ ಅನ್ನವಿಕ್ಕಿದ ಸುಲಸೆಗೆ ಅದು ಗೊತ್ತಿತ್ತು. ಬಾಯಿ ತೆರೆದಳು, ಗಾಳಿ ಬಂತು. ತಲೆ ಅಲ್ಲಾಡಿಸಿದಳು. ನೆಲಕ್ಕೆ ಕೈ ಬಡಿದಳು.

"ಅತ್ತೆ ಬೇಡ ಅಂತಿದಾರೆ," ಎಂದಳು ಚಿತ್ತೆ. "ಗಂಟಲು ಕಟ್ಟಿದೆ ಭಂತೇ, ಕಾಣಲ್ವಾ? ಬೆಳಗ್ಗೆಯಿಂದ ದನಿ ಇಲ್ಲ."

"ನಿನಗೆ ಸೂತ್ರ ಬರುತ್ತಾ ಮಗಳೇ, ಮೊದಲಿಂದ ಕೊನೇತನಕ?"

"ಅರ್ಧಂಬರ್ಧ."

"ಅರ್ಧಂಬರ್ಧ ಬಲ್ಲವರ ಮಾತು ನಡೆಯಲ್ಲ. ತಲೆ ಅಲ್ಲಾಡಿಸಿದ್ದು ಯಾವ ಮಾತಿಗೆ, ಯಾಕೆ, ಅಂತ ನನಗೆ ಹೇಗೆ ಗೊತ್ತಾಗಬೇಕು? ಆಕ್ಷೇಪ ಮಾತಲ್ಲೇ ಬರಬೇಕು. ಇದು ನಾನು ಮಾಡಿದ ನಿಯಮ ಅಲ್ಲ."

ನಿಯಮವಂತೆ. ಮೂರು ದಿನ ಅವಳ ಆಕ್ಷೇಪವನ್ನು ಕಿವಿ ತುಂಬ ಕೇಳಿದವರು, ಆರನೆಯ ದಿನ ಅವಳ ಗಂಟಲು ಹರಿಯುವವರೆಗೆ ಮಾತಾಡಿಸಿದವರು, ಏಳನೆಯ ದಿನ ಬಂದು ನಿಯಮ ಹೇಳುತ್ತಾರೆ. ಕಳ್ಳನಿಗೆ ಕತ್ತಲೆ ಬೇಕು. ಶೀಲವಂತನಿಗೆ ಒಂದು ನಿಯಮ ಸಿಕ್ಕಿದರೆ ಸಾಕು, ನಡುಹಗಲಲ್ಲೇ ಕೆಲಸ ಆಗುತ್ತದೆ.

"ಎರಡನೇ ಸಲ ಕೇಳ್ತೀನಿ. ಒಪ್ಪದವರು ಮಾತಾಡಲಿ."

ಸೂತ್ರವನ್ನು ಪೂರ್ತಿ ಬಲ್ಲವರು ಆ ಚಪ್ಪರದಡಿ ಮೂವರು. ಒಬ್ಬರು ಒಪ್ಪಿಗೆ ಕೇಳುತ್ತಿದ್ದರು. ಒಬ್ಬಳಿಗೆ ದನಿಯಿರಲಿಲ್ಲ. ಸುಲಸೆ ಮೂರನೆಯವನ ಕಡೆ ತಿರುಗಿದಳು. ತಿರೀಟ ತನ್ನ ಪಾತ್ರೆಯನ್ನೇ ನೋಡುತ್ತಿದ್ದ. ಅವನ ಕಿವಿಯ ತುದಿ ಕೆಂಪಾಗಿತ್ತು. ಅವನಿಗೆ ಎಲ್ಲವೂ ಗೊತ್ತಿತ್ತು. ಊರು ಗೊತ್ತಿತ್ತು, ಬೆರಳು ಗೊತ್ತಿತ್ತು, ಗಾಯಕ್ಕೆ ಕಟ್ಟಿದ ಸೆರಗಿನ ಬಣ್ಣ ಕೂಡ ಕೇಳಿ ತಿಳಿದುಕೊಂಡಿದ್ದ. ಥೇರರ ಮಾತಿಗೆ ಎದುರಾಡಿದರೆ ವಿಹಾರದಲ್ಲಿ ತನ್ನ ಗತಿ ಏನೆಂಬುದೂ ಗೊತ್ತಿತ್ತು. ಅವನು ಸುಮ್ಮನಿದ್ದ.

"ಮೂರನೇ ಸಲ..."

ಸುಲಸೆ ಎದ್ದಳು. ಚಿತ್ತೆ ಹಿಡಿಯಲು ಬಂದರೆ ಕೈ ಕೊಡವಿದಳು. ಕೂತವರ ನಡುವೆ ದಾರಿ ಮಾಡಿಕೊಂಡು ಭಿಕ್ಷುಗಳ ಮುಂದೆ ಬಂದು ನಿಂತಳು. ತಪ್ಪು ಮಾಡಿದ ಉಪಾಸಕನಿಗೆ ಸಂಘ ಕೊಡುವ ಒಂದು ಶಿಕ್ಷೆಯುಂಟು: ಅವನ ಮನೆಯ ಮುಂದೆ ಪಾತ್ರೆ ಬೋರಲು ಹಾಕುವುದು. ಎಂದರೆ, ನಿನ್ನ ಅನ್ನ ನಮಗೆ ಬೇಡ, ನೀನು ನಮ್ಮವನಲ್ಲ. ಅದಕ್ಕಿಂತ ದೊಡ್ಡ ಅವಮಾನ ಆ ಸೀಮೆಯಲ್ಲಿ ಇನ್ನೊಂದಿರಲಿಲ್ಲ. ಉಪಾಸಿಕೆಯೊಬ್ಬಳು ಭಿಕ್ಷುವಿನ ಪಾತ್ರೆಯನ್ನು ಬೋರಲು ಹಾಕಿದ್ದನ್ನು ಮಾತ್ರ ಯಾರೂ ಕಂಡಿರಲಿಲ್ಲ, ಕೇಳಿರಲಿಲ್ಲ.

ಥೇರರು ತಮ್ಮ ಪಾತ್ರೆಯ ಮೇಲೆ ಅಂಗೈ ಇಟ್ಟುಕೊಂಡರು. ಸುಲಸೆ ಅವರನ್ನು ದಾಟಿ ಮುಂದೆ ಹೋದಳು. ಅವರು ತಾವು ಮಾಡುತ್ತಿರುವುದು ಧರ್ಮವೆಂದು ನಂಬಿದ್ದರು, ಅವರ ಮೇಲಿನ ಸಿಟ್ಟಿಗೆ ಒಂದು ಮಿತಿಯಿತ್ತು. ಅವಳು ಬಗ್ಗಿ ತಿರೀಟನ ಪಾತ್ರೆಯನ್ನು ಎರಡೂ ಕೈಯಿಂದ ಎತ್ತಿ, ಅವನ ಮುಂದೆ ಬೋರಲು ಹಾಕಿದಳು. ಅನ್ನ, ಸೊಪ್ಪು, ಮೀನು ಎಲ್ಲ ಕೆಸರಿಗೆ ಬಿತ್ತು. ಸಾರು ಹರಿದು ಅವನ ಚೀವರದ ಅಂಚಿಗೆ ಹತ್ತಿತು.

ತಿರೀಟ ಆ ಅನ್ನವನ್ನು ನೋಡಿದ. ಆಮೇಲೆ ತಲೆಯೆತ್ತಿ ಅವಳ ಮುಖ ನೋಡಿದ. ಅವಳ ತುಟಿ ಅಲ್ಲಾಡುತ್ತಿತ್ತು, ಏನೂ ಕೇಳಿಸುತ್ತಿರಲಿಲ್ಲ.

"ಭಂತೇ," ಎಂದ ತಿರೀಟ. "ನಾನು ಒಪ್ಪಲ್ಲ. ಇದು ಹೀಗಲ್ಲ."

"ಆವುಸೋ ತಿರೀಟ, ಯೋಚಿಸಿ ಮಾತಾಡು."

"ಆರು ದಿನ ಯೋಚಿಸಿದೀನಿ. ನಾನು ಕಲಿತಿದ್ದು ಬೇರೆ. ನೀವೂ ಕೇಳಿದ್ದು ಬೇರೆ. ಕೊಡದೇ ಇದ್ದದ್ದನ್ನ ನಾವು ತಗೊಳ್ತಾ ಇದೀವಿ."

ಥೇರರು ತಮ್ಮ ಪಾತ್ರೆಯನ್ನು ಪಕ್ಕಕ್ಕೆ ಸರಿಸಿದರು. ಎಷ್ಟಾದರೂ ಮಾತಿಗೆ ತಪ್ಪುವ ಮನುಷ್ಯನಲ್ಲ. "ಹಾಗಾದ್ರೆ ನಾನು ಏನನ್ನೂ ಒಯ್ಯಲ್ಲ," ಎಂದು ಎದ್ದರು. ಊಟ ಮುಟ್ಟಲಿಲ್ಲ. "ನೀನು ಒಯ್ದದ್ದನ್ನ ಸಂಘದಲ್ಲಿ ಯಾರೂ ಕೇಳಲ್ಲ, ಅದನ್ನೂ ತಿಳ್ಕೋ. ಹೊರಡು, ಹೊತ್ತಾಗುತ್ತೆ. ಇವತ್ತು ಸೇರದಿದ್ರೆ ನಿನ್ನ ಮಳೆವಾಸ ಮುರಿಯುತ್ತೆ."

ತಿರೀಟ ಏಳಲಿಲ್ಲ. ಹೆಂಗಸರು ಥೇರರಿಗೆ ದಾರಿ ಬಿಟ್ಟರು. ಅವರು ಬಿದಿರುಮೆಳೆಯ ತಿರುವಿನಲ್ಲಿ ಒಮ್ಮೆ ಹಿಂತಿರುಗಿ ನೋಡಿ, ಒಬ್ಬರೇ ಹೋದರು.

ಬಿಸಿಲು ನೆತ್ತಿ ದಾಟಿತ್ತು. ಮಧ್ಯಾಹ್ನ ಕಳೆದ ಮೇಲೆ ಭಿಕ್ಷುಗಳಿಗೆ ಊಟವಿಲ್ಲ, ಇನ್ನು ನಾಳೆ ಬೆಳಗಿನವರೆಗೆ ತಿರೀಟ ಉಣ್ಣುವಂತಿಲ್ಲ. ಚಿತ್ತೆ ಕೆಸರಿನ ಅನ್ನವನ್ನು ಬಳಿದು ಬಚ್ಚಲಿಗೆ ಹಾಕಿ ಬಂದಳು. ಸುಲಸೆ ಕಂಬಕ್ಕೆ ಒರಗಿ ಕೂತು, ಅವನತ್ತ ಬೆರಳು ತೋರಿಸಿ, ಆಮೇಲೆ ಅದೇ ಬೆರಳಿನಿಂದ ಚಿತ್ತೆಯನ್ನೂ ಸುತ್ತ ಕೂತಿದ್ದ ಹೆಂಗಸರನ್ನೂ ಒಬ್ಬೊಬ್ಬರಾಗಿ ತೋರಿಸಿದಳು. ತಿರೀಟನಿಗೆ ಅರ್ಥವಾಯಿತು. ಗಂಟಲು ಸರಿಮಾಡಿಕೊಂಡು ಹೇಳತೊಡಗಿದ.

"ಹೀಗೆ ನಾನು ಕೇಳಿದೆ. ವಜ್ಜಿಗಳ ನಾಡಿನ ನಳಗಾಮದಲ್ಲಿ, ಬುಟ್ಟಿ ಹೆಣೆಯುವ ಸುಲಸೆಯಿಂದ ಕೇಳಿದೆ."

ಹೆಂಗಸರು ಕೈಯಲ್ಲಿದ್ದ ಮೊರಗಳನ್ನು ಕೆಳಗಿಟ್ಟು, ಅವನ ಹಿಂದೆ ಹೇಳಿದರು.